ಸಹಾಯದ ಪೋಸ್ಟರ್‌ನಲ್ಲಿ ಕ್ಯೂಆರ್ ಬದಲಾಗಿತ್ತು: ಇಗರ್ಜಿಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿರುವವರು ದಯವಿಟ್ಟು ಓದಿ

ನಮ್ಮ ಕರಾವಳಿಯ ಒಂದು ಇಗರ್ಜಿಯ (ಚರ್ಚಿನ) ವಾರ್ಡಿನಲ್ಲಿ, ಎಂದರೆ ಅದಕ್ಕೆ ಸೇರಿದ ಮನೆಗಳ ಗುಂಪಿನಲ್ಲಿ, ಕಿಡ್ನಿ ಕೆಟ್ಟು ಮಲಗಿದ ಬೋಟ್ ಕೆಲಸಗಾರರೊಬ್ಬರಿಗಾಗಿ ಜನ ಕಳಿಸಿದ ಹಣದಲ್ಲಿ ದೊಡ್ಡ ಪಾಲು ಅವರ ಮನೆಗೆ ಮುಟ್ಟಲೇ ಇಲ್ಲ. ಕುಟುಂಬ ನಿಜ, ಕಾಯಿಲೆ ನಿಜ, ಆಸ್ಪತ್ರೆಯ ಚೀಟಿಯೂ ನಿಜ. ಪೋಸ್ಟರ್ ಕೂಡ ಮೊದಲು ವಾರ್ಡಿನವರೇ ಮಾಡಿ ಹಾಕಿದ್ದು. ಅದು ಗ್ರೂಪಿನಿಂದ ಗ್ರೂಪಿಗೆ ಓಡಾಡುವಾಗ ಯಾರೋ ಮೂಲೆಯಲ್ಲಿದ್ದ ಕ್ಯೂಆರ್ ಕೋಡ್ ಅಳಿಸಿ ಬೇರೊಂದನ್ನು ಕೂರಿಸಿದ್ದರು. ಫೋಟೊ, ಹೆಸರು, ಕೆಳಗಿನ ಫೋನ್ ನಂಬರ್ ಎಲ್ಲ ಹಾಗೇ ಇತ್ತು. ಆ ನಂಬರಿಗೆ ಒಬ್ಬರಾದರೂ ಫೋನ್ ಮಾಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಯಾರೂ ಮಾಡಲಿಲ್ಲ. ಕಷ್ಟದಲ್ಲಿರುವವರನ್ನು ವಿಚಾರಿಸಿದರೆ ಅನುಮಾನ ಪಟ್ಟ ಹಾಗಾಗುತ್ತದೆ ಎಂಬ ಸಂಕೋಚ ಎಲ್ಲರಿಗೂ.

ಹಣ ಹೋದದ್ದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಗಲ್ಫ್‌ನಲ್ಲಿರುವವರು, ಗೋವಾದಲ್ಲಿ ದುಡಿಯುವವರು "ಇಷ್ಟು ಕಳಿಸಿದ್ದೆವಲ್ಲ, ಏನಾಯಿತು?" ಎಂದು ಕೇಳತೊಡಗಿದರು. ಆ ಮನೆಯವರು "ನಮಗೆ ಬಂದಿಲ್ಲ" ಎಂದರೆ ನಂಬುವವರಿಲ್ಲ. ರೋಗಿಯ ಹೆಂಡತಿ ಭಾನುವಾರದ ಪೂಜೆಗೆ ಬರುವುದನ್ನೇ ಬಿಟ್ಟರು. ಬಡವರ ಹೆಸರಿನಲ್ಲಿ ಕದ್ದರೆ ಕಳಂಕ ಬಡವರಿಗೇ ಅಂಟುತ್ತದೆ, ಮುಂದಿನ ಸಲ ನಿಜವಾದ ಮನವಿಗೂ ಯಾರೂ ಕೈ ಚಾಚುವುದಿಲ್ಲ.

ಈ ಮೋಸ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸುಲಭವಾಗಿ ನಡೆಯಲು ಕಾರಣವಿದೆ. ದೊಡ್ಡ ಚಿಕಿತ್ಸೆ ಬೇಕೆಂದರೆ ಕಾರವಾರದವರು ಗೋವಾಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಶಿರಸಿ ಹಳಿಯಾಳದವರು ಹುಬ್ಬಳ್ಳಿಗೆ ಓಡಬೇಕು. ಆಂಬುಲೆನ್ಸಿನ ಬಾಡಿಗೆ, ಜೊತೆಗೆ ಹೋದವರ ಊಟ ವಸತಿ ಎಲ್ಲರ ಮನೆಯೂ ಕಂಡ ಕಷ್ಟ. ಹಾಗಾಗಿ "ತುರ್ತು" ಎಂದು ಬಂದ ಕೂಡಲೇ ಮನಸ್ಸು ಕರಗಿ ಬೆರಳು ಫೋನಿನ ಮೇಲೆ ಹೋಗುತ್ತದೆ.

ಕಳಿಸುವ ಮೊದಲು ನೋಡಬೇಕಾದದ್ದು ಇಷ್ಟು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪಿನ್ ಒತ್ತುವ ಮುಂಚೆ ಹಣ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಅದನ್ನು ಅಕ್ಷರ ಅಕ್ಷರ ಓದಿ. ರೋಗಿಯದೋ, ಮನವಿಯಲ್ಲಿ ಬರೆದ ಅವರ ಹತ್ತಿರದವರದೋ ಆಗಿರದಿದ್ದರೆ ಅಲ್ಲೇ ನಿಲ್ಲಿಸಿ. ಇಗರ್ಜಿಯ ನಿಧಿಗೆ ಎಂದು ಹೇಳಿ ಯಾರದೋ ಸ್ವಂತ ಹೆಸರಿನ ಖಾತೆ ತೋರಿಸಿದರೂ ನಿಲ್ಲಿಸಿ, "ಫಾದರ್ ಹೇಳಿದ್ದಾರೆ" ಎಂದರೂ ಸರಿ. ಹೆಸರು ಸರಿಯಾಗಿದ್ದರೂ ಮೊದಲು ಒಂದೇ ರೂಪಾಯಿ ಕಳಿಸಿ, ಆ ಮನೆಗೆ ಫೋನ್ ಮಾಡಿ "ಬಂತಾ?" ಎಂದು ಕೇಳಿ. ಇದರಲ್ಲಿ ಅವಮಾನವೇನಿಲ್ಲ. ಫೋನ್ ಮಾಡಿ ಮಾತಾಡಿಸಿದರೆ ಅವರಿಗೂ ಧೈರ್ಯ ಬರುತ್ತದೆ.

ಇನ್ನೂ ಒಳ್ಳೆಯದು ಆಸ್ಪತ್ರೆಗೇ ಕಟ್ಟುವುದು. ರೋಗಿಯ ಆಸ್ಪತ್ರೆ ನಂಬರ್ ಮನೆಯವರಿಂದ ಪಡೆದು, ಆಸ್ಪತ್ರೆಯ ಸ್ವಂತ ಜಾಲತಾಣದಲ್ಲಿರುವ ಫೋನಿಗೆ ಕರೆ ಮಾಡಿ ಬಿಲ್ಲಿಂಗ್ ಕೌಂಟರ್ ಕೇಳಿ. ಪೋಸ್ಟರಿನಲ್ಲಿರುವ "ಆಸ್ಪತ್ರೆ ನಂಬರ್" ಬೇಡ. ಎಸ್ಟಿಮೇಟ್ ಚೀಟಿಗೂ ಬಿಲ್ಲಿಗೂ ವ್ಯತ್ಯಾಸವಿದೆ ಎಂಬುದು ನೆನಪಿರಲಿ. ಎಸ್ಟಿಮೇಟ್ ಎಂದರೆ ಅಂದಾಜು, ಹಳೆಯ ಎಸ್ಟಿಮೇಟ್ ತಿಂಗಳುಗಟ್ಟಲೆ ಗ್ರೂಪುಗಳಲ್ಲಿ ತಿರುಗುತ್ತಿರುತ್ತದೆ. ತಾರೀಖು ನೋಡಿ.

ಸರ್ಕಾರದ ಆರೋಗ್ಯ ಕಾರ್ಡ್ ಬಗ್ಗೆಯೂ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತು ಪ್ರಕರಣ ಬಿಟ್ಟರೆ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅದನ್ನು ಮಾಡಿಸದೆ ನೇರ ಹೋಗಿ ಸೇರಿಕೊಂಡು, ಆಮೇಲೆ ಪೂರ್ತಿ ಬಿಲ್ಲು ತಲೆ ಮೇಲೆ ಬೀಳುವುದು ನಮ್ಮಲ್ಲಿ ಬಹಳ ನಡೆಯುತ್ತದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರ, ಎಂದರೆ ಈ ಯೋಜನೆಗೆ ನೆರವಾಗುವ ಸಿಬ್ಬಂದಿಯ, ಮೇಜಿರುತ್ತದೆ. ಮನವಿ ಹಾಕುವ ಮೊದಲು ವಾರ್ಡಿನ ಓದಿದ ಯುವಕರೊಬ್ಬರು ಅಲ್ಲಿ ಹೋಗಿ ಕೂತು ಕೆಲಸ ಮುಗಿಸಿಕೊಟ್ಟರೆ, ಅದು ಸಾವಿರಾರು ರೂಪಾಯಿಯ ದಾನಕ್ಕಿಂತ ಹೆಚ್ಚಿನ ಸಹಾಯ.

ಮನವಿ ಹಾಕುವವರ ಮೇಲೂ ಹೊಣೆಯಿದೆ. ಎಲ್ಲವನ್ನೂ ಒಂದು ಚಿತ್ರದೊಳಗೆ ತುಂಬಬೇಡಿ, ಚಿತ್ರ ತಿದ್ದುವುದು ಐದು ನಿಮಿಷದ ಕೆಲಸ. ಖಾತೆದಾರರ ಹೆಸರು, ಖಾತೆಯ ಕೊನೆಯ ನಾಲ್ಕು ಅಂಕಿ, ಬೇಕಾದ ಮೊತ್ತ, ಮನವಿಯ ಕೊನೆಯ ದಿನಾಂಕ ಇವನ್ನು ಇಗರ್ಜಿಯ ನೋಟಿಸ್ ಬೋರ್ಡಿನಲ್ಲಿ ಹಚ್ಚಿ, ಪೂಜೆಯ ಕೊನೆಯಲ್ಲಿ ಓದಿಸಿ. ಹಾಗೆ ಮಾಡಿದರೆ ಸುಳ್ಳು ಪೋಸ್ಟರ್ ಬಂದವರಿಗೆ ಹೋಲಿಸಿ ನೋಡಲು ಒಂದು ಜಾಗ ಇರುತ್ತದೆ. ಆಧಾರ್, ರೇಷನ್ ಕಾರ್ಡ್, ಹಾಸಿಗೆಯಲ್ಲಿ ಮಲಗಿದವರ ಮುಖ, ಇವನ್ನು ಹಾಕಲೇಬೇಡಿ. ಕಳ್ಳರಿಗೆ ಬೇಕಾದ ಸಾಮಾನೇ ಅವು. ಮೊತ್ತ ತುಂಬಿದ ದಿನ "ಸಾಕು, ಇನ್ನು ಕಳಿಸಬೇಡಿ" ಎಂದು ಬರೆಯಿರಿ, ಬಂದದ್ದು ಹೋದದ್ದರ ಲೆಕ್ಕ ಓದಿ ಹೇಳಿ.

"ಎಡಗೈಗೆ ತಿಳಿಯದ ಹಾಗೆ ಬಲಗೈ ಕೊಡಬೇಕಲ್ಲ, ಲೆಕ್ಕ ಯಾಕೆ?" ಎಂದು ಕೇಳುವವರಿದ್ದಾರೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದ ಆ ಮಾತು ಕೊಡುವವರು ತಮ್ಮ ದಾನದ ಡಂಗುರ ಹೊಡೆಯಬಾರದು ಎಂದು ಹೇಳಿದ್ದು. ಹಣ ಕೂಡಿಸುವವರು ಲೆಕ್ಕ ಮುಚ್ಚಿಡಲಿ ಎಂದು ಯೇಸು ಎಲ್ಲೂ ಹೇಳಿಲ್ಲ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ ಪೌಲನು ಕೊರಿಂಥದವರಿಗೆ ಬರೆದ 2ನೇ ಪತ್ರದ 8ನೇ ಅಧ್ಯಾಯ ತೆಗೆದು ನೋಡಿ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಿರಲಿ ಎಂದು, ಕ್ರೈಸ್ತ ಸಭೆಗಳೇ ಆರಿಸಿದ ಸಹೋದರನೊಬ್ಬನನ್ನು ತನ್ನ ಜೊತೆಗಾರ ತೀತನ ಜೊತೆಗೆ ಕಳಿಸಿದ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂಬುದು ಅವನ ಮಾತಿನ ಸಾರ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯವರು ಇಂದಿಗೂ ಬಡವರ ಮನೆಗೆ ಇಬ್ಬಿಬ್ಬರಾಗಿಯೇ ಹೋಗುತ್ತಾರೆ. ಅಂಥ ಸಭೆ ನಿಮ್ಮ ಇಗರ್ಜಿಯಲ್ಲಿದ್ದರೆ ಮನವಿ ಅವರ ಮೂಲಕವೇ ಬರಲಿ.

ಡಿಸೆಂಬರ್ ಹತ್ತಿರವಾದಂತೆ ಇನ್ನೊಂದು ಥರದವರು ಮನೆ ಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ಲ್ಯಾಮಿನೇಟ್ ಮಾಡಿದ ಹಾಳೆ, ಅದರಲ್ಲಿ ಅನಾಥ ಮಕ್ಕಳ ಸಾಲು ಫೋಟೊ, ಹೆಸರು, ವಯಸ್ಸು. ಆ ಫೋಟೊ ಕಂಡ ತಕ್ಷಣ ಎಚ್ಚರವಾಗಿ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಆಸರೆಯಲ್ಲಿರುವ ಮಕ್ಕಳ ಗುರುತು ಬಹಿರಂಗ ಮಾಡುವುದೇ ಅಪರಾಧ. ಸೆಕ್ಷನ್ 41ರ ಪ್ರಕಾರ ಮಕ್ಕಳ ಮನೆಗೆ ನೋಂದಣಿ ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಮಕ್ಕಳ ಬಗ್ಗೆಯೇ ಆತಂಕ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. "80ಜಿ ರಸೀದಿ ಕೊಡುತ್ತೇವೆ, 5,000 ನಗದು ಕೊಡಿ" ಎಂದರೆ ಅದೂ ಸುಳ್ಳು, 2,000 ರೂಪಾಯಿ ದಾಟಿದ ನಗದು ದಾನಕ್ಕೆ ಆದಾಯ ತೆರಿಗೆಯ ಆ ವಿನಾಯಿತಿ ಇಲ್ಲ. ವಿದೇಶದ ಪೌರತ್ವ ಪಡೆದ ನೆಂಟರಿಂದ ಟ್ರಸ್ಟ್ ಹಣ ಕೇಳಿದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಊರಿನ ಬ್ಯಾಂಕಿನ ಖಾತೆ ಸಂಖ್ಯೆ ಕೊಟ್ಟರೆ ಕಳಿಸಬೇಡಿ ಎಂದು ಅವರಿಗೆ ತಿಳಿಸಿ.

"ಬಿತ್ತನೆ ಕಾಣಿಕೆ" ಕೊಟ್ಟರೆ ನೂರರಷ್ಟು ಬರುತ್ತದೆ, ಸಂಘದ ಸಾಲ ತೆಗೆದಾದರೂ ಕೊಡಿ ಎನ್ನುವ ಬೋಧಕರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇದ್ದ ಎರಡೇ ಕಾಸನ್ನು ಕಾಣಿಕೆಗೆ ಹಾಕಿದ ಬಡ ವಿಧವೆಯ ಕಥೆಯನ್ನೇ ಅವರು ಹೇಳುವುದು. ಮಾರ್ಕನ 12ನೇ ಅಧ್ಯಾಯದಲ್ಲಿ ಆ ಕಥೆಗೆ ತಾಗಿಕೊಂಡೇ ಇರುವ 40ನೇ ವಚನದಲ್ಲಿ, ವಿಧವೆಯರ ಮನೆಗಳನ್ನು ನುಂಗುವವರ ಬಗ್ಗೆ ಯೇಸು ಹೇಳಿದ್ದನ್ನು ಓದಿ.

ಹಣ ಈಗಾಗಲೇ ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಜಾರುತ್ತದೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ, ಮೊತ್ತ, ಸಮಯ, ನಿಮ್ಮ ಬ್ಯಾಂಕಿನ ಹೆಸರು ಕೈಯಲ್ಲಿರಲಿ. ನಿಮ್ಮ ಬ್ಯಾಂಕಿಗೂ ತಿಳಿಸಿ, ಕಾರವಾರದ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ದೂರು ಬರೆದುಕೊಡಿ. ಸುಳ್ಳು ಪೋಸ್ಟರನ್ನು ಅಳಿಸಬೇಡಿ, ಬಂದ ಗ್ರೂಪ್, ಕಳಿಸಿದವರ ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. "ಹಣ ವಾಪಸ್ ಹಾಕುತ್ತೇವೆ, ಪಿನ್ ಒತ್ತಿ" ಎಂದು ಕರೆ ಬಂದರೆ ಕತ್ತರಿಸಿ, ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಆ ಬಡ ಕುಟುಂಬದ ಮೇಲೆ ತಪ್ಪಿಲ್ಲ ಎಂಬುದನ್ನು ಅದೇ ಗ್ರೂಪಿನಲ್ಲಿ, ಅದೇ ಇಗರ್ಜಿಯಲ್ಲಿ ಬಾಯಿಬಿಟ್ಟು ಹೇಳಿಸಿ.

ಕೊಡುವುದನ್ನು ಮಾತ್ರ ಯಾರೂ ನಿಲ್ಲಿಸಬೇಡಿ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್‌ನವರಿಗೆ ಚಿಕಿತ್ಸೆ ಉಚಿತವಾದರೂ ರಿಕ್ಷಾ ಬಾಡಿಗೆ, ಕಾಯುವವರ ಊಟ, ತಪ್ಪಿದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ವಾರ್ಡಿನ ಹತ್ತು ಮನೆಯವರು ಪಾಳಿ ಹಾಕಿಕೊಂಡು ರಿಕ್ಷಾದವರಿಗೆ ನೇರವಾಗಿ ಬಾಡಿಗೆ ಕೊಡಬಹುದು, ಅಂಗಡಿಯವರಲ್ಲಿ ಆ ಮನೆಯ ಹೆಸರಿಗೆ ತಿಂಗಳ ಅಕ್ಕಿ ಬೇಳೆ ಬರೆಸಬಹುದು. ಇದಕ್ಕೆ ಪೋಸ್ಟರ್ ಬೇಡ.