ಬೆಂಗಳೂರು ಕೆ.ಜಿ. ರೋಡ್ ಥಿಯೇಟರ್ ಮಜಾನೇ ಬೇರೆ, 4/5

ಸ್ಟಾರ್ ಸಿನಿಮಾ ಫಸ್ಟ್ ಡೇ ಫಸ್ಟ್ ಶೋ ನೋಡೋದಾದ್ರೆ ಮಾಲ್ ಬೇಡ ಗುರು, ಸಂತೋಷ್ ಇಲ್ಲಾ ನರ್ತಕಿಗೆ ಹೋಗಿ. ಹೊರಗೆ ಕಟೌಟು, ಹಾರ, ತಮಟೆ, ಒಳಗೆ ಹೀರೋ ಎಂಟ್ರಿಗೆ ಪೇಪರ್ ಚೂರು ಹಾರ್ತಾ ಇರತ್ತೆ, ಶಿಳ್ಳೆ ಗಲಾಟೇಲಿ ಡೈಲಾಗ್ ಅರ್ಧ ಕೇಳ್ಸಲ್ಲ ಆದ್ರೂ ಯಾರ್ಗೂ ಬೇಜಾರಿಲ್ಲ. ಫ್ಯಾಮಿಲಿ ಜೊತೆ ಅಂದ್ರೆ ಸೆಕೆಂಡ್ ವೀಕ್ ಬಾಲ್ಕನಿ ತಗೊಳ್ಳಿ.

ಈ ಕಡೆ ಒಂದ್ಕಾಲಕ್ಕೆ ಸಾಗರ್, ಹಿಮಾಲಯ, ಸ್ಟೇಟ್ಸ್, ಅಲಂಕಾರ್ ಅಂತ ಎಷ್ಟ್ ಟಾಕೀಸ್ ಇದ್ವು, ಏರಿಯಾಗೇ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸೂ ಇಲ್ಲ ಈಗ, ಗಾಂಧಿನಗರದ ಕಪಾಲಿ ಅಂತೂ 1968ರದ್ದು, ಸಿನೆರಾಮಾ ಅಂತ ಅಗಲವಾದ ಬಾಗಿದ ಪರದೆ ಇತ್ತು, ಅದನ್ನೂ ಒಡೆದಾಕಿದ್ರು (ಹೊಟ್ಟೆ ಉರಿಯತ್ತೆ). ಒಂದ್ ಸ್ಟಾರ್ ಕಟ್ ಮಾಡಿದ್ದು ಮೆಜೆಸ್ಟಿಕ್ ಟ್ರಾಫಿಕ್‌ಗೆ, ಗಾಡಿ ತರ್ಬೇಡಿ, ಮೆಟ್ರೋಲಿ ಬನ್ನಿ.