ಟ್ರೌಟ್ ಪಾಠ, ಪಯಸ್ವಿನಿ ಹೊಳೆ

ಫ್ಲೈ ಫಿಶಿಂಗ್, ಅಂದರೆ ಗರಿ ಕಟ್ಟಿದ ಹುಸಿ ಹುಳು (ಫ್ಲೈ) ತೋರಿಸಿ ಮೀನು ಹಿಡಿಯುವುದು, ಕಲಿಯೋಣ ಅಂತ ಹುಡುಕಿದರೆ ಸಿಗುವುದೆಲ್ಲ ಟ್ರೌಟ್ ಪಾಠಗಳೇ. ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ಅದು ಬೇಕಾದರೆ ಮುನ್ನಾರಿಗೋ ನೀಲಗಿರಿಗೋ ಹೋಗಬೇಕು. ನನಗಿರುವುದು ಅಡೂರಿನ ಪಯಸ್ವಿನಿ. ಆದರೂ ಎರಡು ಬೇಸಿಗೆ ಮೂರು ಕಡೆ ಪಾಠ ಹೇಳಿಸಿಕೊಂಡೆ.

ಮೊದಲು ಅಮೆರಿಕದವರ ಯೂಟ್ಯೂಬ್ ವಿಡಿಯೋಗಳು. ವಿವರಣೆಯಲ್ಲಿ ಅವರನ್ನು ಮೀರಿಸುವವರಿಲ್ಲ. ನಮ್ಮ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ತೂಕವೇ ಇಲ್ಲ, ದಪ್ಪ ದಾರದ ಭಾರವೇ ಅದನ್ನು ಹೊತ್ತೊಯ್ಯಬೇಕು. ಇದು ನನ್ನ ತಲೆಗೆ ಹತ್ತಿದ್ದು ಅಲ್ಲಿಯೇ. ಅವರ ಮಾತು ಕೇಳಿ 9 ಅಡಿಯ 5 ವೆಯ್ಟ್ (ದಾರದ ತೂಕದ ಅಳತೆ) ರಾಡ್ ತರಿಸಿದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಬೀಸಿದರೆ ಸೊಗಸೋ ಸೊಗಸು. ಹೊಳೆಯಲ್ಲಿ ಹಾಗಲ್ಲ. ದಾರ ಮುಂದೆ ಹೋಗಬೇಕಾದರೆ ಮೊದಲು ಹಿಂದಕ್ಕೆ ಉದ್ದಕ್ಕೆ ಬಿಚ್ಚಿಕೊಳ್ಳಬೇಕು. ನನ್ನ ಹಿಂದೆ ಬಿದಿರು ಮೆಳೆ! ಮೊದಲ ದಿನವೇ ನಾಲ್ಕು ಫ್ಲೈ ಬಿದಿರಿನ ಪಾಲಾಯಿತು. ಹಿಂದೆ ಬೀಸದೆ ಎಸೆಯುವ ರೋಲ್ ಕಾಸ್ಟ್ ಅಂತ ಒಂದಿದೆ. ನನ್ನ ಕೈಯಲ್ಲಿ ಅದು ನೀರಿಗೆ ಬಟ್ಟೆ ಒಗೆದ ಹಾಗೆ.

ಎರಡನೆಯದು ಟೆಂಕಾರಾ, ಜಪಾನಿನವರ ಫ್ಲೈ ಫಿಶಿಂಗ್ ಪದ್ಧತಿ. ಅದರ ವಿಡಿಯೋಗಳಲ್ಲಿ ಮಾತು ಕಡಿಮೆ. ಆದರೆ ರೀಲ್ ಇಲ್ಲ, ಕೋಲಿನ ತುದಿಗೇ ದಾರ. ಇದು ನಮ್ಮ ಬಿದಿರು ಗಾಳವೇ ಅಲ್ವಾ! ಬೆಟ್ಟದ ಇಕ್ಕಟ್ಟು ತೊರೆಗಳಲ್ಲಿ ಬೆಳೆದ ಪದ್ಧತಿ, ಹಾಗಾಗಿ ನಮ್ಮಲ್ಲಿಗೂ ಒಗ್ಗುತ್ತದೆ. ಮಣಿಗಂಟು ತುಸು ಆಡಿಸಿದರೆ ಸಾಕು. ದೂರ ಎಸೆಯಲಾಗುವುದಿಲ್ಲ, ಅಷ್ಟೇ ಕೊರತೆ.

ಮೂರನೆಯವರು ನೆರೆಮನೆಯ ಅಜ್ಜ. ಎರೆಹುಳು ಬಿಟ್ಟು ಬೇರೇನನ್ನೂ ನಂಬದ ಮನುಷ್ಯ. ಬಂಡೆಯ ಹಿಂದೆ ನಿಂತಿದ್ದ ನನ್ನನ್ನು ನೋಡಿ, "ಮಗಾ, ಮೊದಲು ನಿನ್ನ ನೆರಳನ್ನು ನೀರಿಂದ ತೆಗಿ" ಅಂದರು. ಹತ್ತು ಹೆಜ್ಜೆ ಕೆಳಗೆ ಹೋಗಿ ಮೇಲ್ಮುಖವಾಗಿ ಹಾಕಲು ಹೇಳಿದರು. ಯಾಕೆ ಅಂದರೆ ಸುಮ್ನೆ ನಕ್ಕರು. ಮೀನು ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ, ಬೆನ್ನ ಹಿಂದೆ ಬಂದವರು ಅದಕ್ಕೆ ಕಾಣುವುದು ಕಷ್ಟ ಅಂತ ಅಮೆರಿಕದವರು ಹೇಳಿದ್ದು ಆಗ ನೆನಪಾಯಿತು. ಐದೇ ನಿಮಿಷದಲ್ಲಿ ಬೆರಳುದ್ದದ ಬೆಳ್ಳಿ ಮೀನೊಂದು ಫ್ಲೈ ಕಚ್ಚಿತು.

ಒಂದನ್ನೇ ಆರಿಸು ಅಂದರೆ ನನ್ನ ಮತ ಅಜ್ಜನಿಗೆ. ಕೈಯಲ್ಲಿ ಮಾತ್ರ ಟೆಂಕಾರಾ ಕೋಲು. ಫ್ಲೈ ಕಟ್ಟಲು ಅಜ್ಜನ ಮನೆಯ ಹುಂಜದ ಕುತ್ತಿಗೆ ಗರಿ. 5 ವೆಯ್ಟ್ ರಾಡ್ ಅಟ್ಟದಲ್ಲಿದೆ, ಬಯಲು ಕೆರೆ ಇರುವವರು ಯಾರಾದರೂ ಕೇಳಿದರೆ ಕೊಟ್ಟೇನು.