ಗಾಡಿ ಒಬ್ಬರದು, ಸವಾರಿ ಏಳು ಜನರದು: ಖರ್ಚು ಹಂಚುವ ಮೂರು ಬಗೆ

ಕೋಲಾರದಿಂದ ಕೃಷ್ಣಗಿರಿ, ಸೇಲಂ, ಮಧುರೆ ದಾಟಿ ರಾಮೇಶ್ವರಕ್ಕೆ ಹೋಗಿಬರಲು ಸುಮಾರು 1,200 ಕಿ.ಮೀ. ಗುಂಪಿನಲ್ಲೊಬ್ಬರ ಡೀಸೆಲ್ ಇನ್ನೋವಾ, ಏಳು ಜನ, ಐದು ದಿನ, ಕ್ಯಾರಿಯರ್ ಮೇಲೆ ಪಾತ್ರೆ-ಪಗಡೆ. ಇಂಥ ಪ್ರಯಾಣಗಳಲ್ಲಿ ಮೂರು ಬಗೆಯ ಲೆಕ್ಕವನ್ನೂ ಇಟ್ಟು ನೋಡಿದ್ದೇವೆ: ಹೊರಡುವಾಗಲೇ ದುಡ್ಡು ಹಾಕುವ ಒಂದೇ ಪರ್ಸು, ಬರೆದಿಟ್ಟು ಕೊನೆಗೆ ಹಂಚುವುದು, ತಲೆಗೆ ದಿನಕ್ಕಿಷ್ಟು ಎಂದು ಗಾಡಿಯವರ ಕೈಗೆ ಕೊಟ್ಟುಬಿಡುವುದು.

ಮೂರನೆಯದನ್ನು ಮೊದಲೇ ಬದಿಗಿಡಬಹುದು. ದಿನಕ್ಕೆ ತಲಾ ₹1,500 ಎಂದು ಗೊತ್ತುಮಾಡಿದರೆ ಯಾರಿಗೂ ಲೆಕ್ಕದ ತಲೆನೋವಿಲ್ಲ, ನಿಜ. ಆದರೆ ಎರಡನೇ ದಿನಕ್ಕೇ ಗಾಡಿಯವರು ಹೋಟೆಲ್ ಮಾಲೀಕರಂತಾಗುತ್ತಾರೆ: ಸಾರು ನೀರಾದರೂ ಅವರನ್ನೇ ಕೇಳುತ್ತಾರೆ, ರೂಮಿನ ಫ್ಯಾನ್ ತಿರುಗದಿದ್ದರೂ ಅವರನ್ನೇ. ಕೊನೆಗೆ ದುಡ್ಡು ಉಳಿದರೆ ಅದು ಲಾಭ, ಅಂದರೆ ಬಾಡಿಗೆ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡುವಂತಿಲ್ಲ; ಖಾಸಗಿ ವಿಮೆಯೂ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಹಂಚಿಕೊಳ್ಳುವ ಮೊತ್ತ ಯಾವತ್ತೂ ಆದ ಖರ್ಚನ್ನು ಮೀರಬಾರದು.

ಉಳಿದ ಎರಡರಲ್ಲಿ ಯಾವುದು ಮೇಲು ಎಂದರೆ, ಹೊಟ್ಟೆಯ ಲೆಕ್ಕಕ್ಕೆ ಪರ್ಸು, ಗಾಡಿಯ ಲೆಕ್ಕಕ್ಕೆ ಬರಹ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದಾಗಲೇ ಮಾತು ಬೆಳೆಯುವುದು.

ಪರ್ಸಿಗೆ ತಲಾ ₹2,000, ಒಟ್ಟು ₹14,000. ಊಟ, ರೂಮು, ಪಾರ್ಕಿಂಗ್, ದಿನಸಿ ಎಲ್ಲ ಇದರಲ್ಲೇ. ₹4,000ಕ್ಕೆ ಇಳಿದ ಕೂಡಲೇ ಎಲ್ಲರೂ ಮತ್ತೆ ಸಮನಾಗಿ ಹಾಕಬೇಕು; ಖಾಲಿಯಾಗುವತನಕ ಕಾದರೆ ಯಾರೋ ಕೈಯಿಂದ ಹಾಕಿ, ಅದು ಕೈಬದಲಿನ ಲೆಕ್ಕವಾಗುತ್ತದೆ. ದುಡ್ಡು ನಗದಾಗಿಯೇ ಇರಲಿ, ₹100, ₹50ರ ನೋಟು ಹೆಚ್ಚಿರಲಿ. ಟೀ ಅಂಗಡಿಯಲ್ಲಿ ₹500ಕ್ಕೆ ಚಿಲ್ಲರೆ ಸಿಗದೆ ಪರ್ಸಿನವರು ತಮ್ಮ ಜೇಬಿನಿಂದ ಕೊಟ್ಟು, ಆಮೇಲೆ ಅಂದಾಜಿನಲ್ಲಿ ತೆಗೆದುಕೊಂಡರೆ ಅಲ್ಲಿಗೆ ಲೆಕ್ಕ ಕೆಟ್ಟಿತು. ರಾತ್ರಿ ಮಲಗುವ ಮುಂಚೆ ಎಣಿಸಿ, ಉಳಿದ ಮೊತ್ತವನ್ನು ಎಲ್ಲರೆದುರು ಹೇಳಿದರೆ ಸಾಕು. ಪೂಜೆ, 22 ತೀರ್ಥಗಳ ಸ್ನಾನ, ಶಂಖ-ಸೀರೆ, ಮಾತ್ರೆ ಅವರವರ ಜೇಬಿಗೆ.

ಇದೇ ಬಾಬ್ತನ್ನು ಮೊಬೈಲ್ ಆ್ಯಪಿನಲ್ಲಿ ಬರೆದು ಹಂಚಿದಾಗ ಕೆಡುವುದು ಸಣ್ಣ ಮೊತ್ತಗಳಲ್ಲಿ. ₹70ರ ಟೀ ಬರೆಯಲು ಸಂಕೋಚ. ಯುಪಿಐ ಸದಾ ಕೈಯಲ್ಲಿರುವವರೇ ಪ್ರತಿ ಸಲ ಕೊಟ್ಟು, ಕೊನೆಗೆ ಮರೆತ ಮೊತ್ತವೆಲ್ಲ ಅವರ ತಲೆಗೇ ಬರುತ್ತದೆ.

ಗಾಡಿಯದು ಬೇರೆ ಕಥೆ. ಹೊರಡುವ ಮುಂಚೆ ಕೋಲಾರದ ಪಂಪಿನಲ್ಲಿ ನಾಝಲ್ ತಾನಾಗಿ ಕಟ್ ಆಗುವತನಕ ಟ್ಯಾಂಕ್ ತುಂಬಿಸಬೇಕು; ಈ ಬಿಲ್ ಗಾಡಿಯವರದು. ಗಾಡಿಯ ಕಿ.ಮೀ. ಮೀಟರಿನ ಫೋಟೋ ತೆಗೆದಿಡಿ. ಮರಳಿದ ಮೇಲೆ ಅದೇ ಪಂಪಿನಲ್ಲಿ ಅದೇ ರೀತಿ ತುಂಬಿಸಿ. ದಾರಿಯ ಬಿಲ್ಲುಗಳು ಮತ್ತು ಈ ಕೊನೆಯ ಬಿಲ್ಲು ಸೇರಿದರೆ ಅದೇ ಡೀಸೆಲ್ ಖರ್ಚು, "ಮೊದಲೇ ಅರ್ಧ ಟ್ಯಾಂಕ್ ಇತ್ತು" ಅನ್ನುವ ಮಾತಿಗೆ ಜಾಗವಿಲ್ಲ. ಲೀಟರಿಗೆ 12 ಕಿ.ಮೀ., ₹90 ಎಂದು ಹಿಡಿದರೆ 100 ಲೀಟರ್, ₹9,000. ಫಾಸ್ಟ್ಯಾಗ್ ದುಡ್ಡು ಕಣ್ಣಿಗೆ ಬೀಳದೆ ಹೋಗುತ್ತದೆ, ಸ್ಟೇಟ್‌ಮೆಂಟ್ ತೆಗೆದು ಸೇರಿಸಿ. ಟೋಲಿನ ಹೋಗಿಬರುವ ರಿಯಾಯಿತಿ 24 ಗಂಟೆಯೊಳಗೆ ಮರಳುವವರಿಗೆ ಮಾತ್ರ, ಈ ಪ್ರಯಾಣಕ್ಕಲ್ಲ.

ಗಾಡಿಯವರು ಬಾಯಿಬಿಟ್ಟು ಕೇಳದ ಖರ್ಚು ಸವಕಳಿಯದು. ನಾಲ್ಕು ಟಯರಿಗೆ ₹28,000, 40,000 ಕಿ.ಮೀ. ಬಾಳಿಕೆ ಎಂದುಕೊಂಡರೆ ಕಿ.ಮೀ.ಗೆ 70 ಪೈಸೆ. 10,000 ಕಿ.ಮೀ.ಗೆ ಒಂದು ಸರ್ವಿಸ್, ₹8,000 ಎಂದರೆ 80 ಪೈಸೆ. ಒಟ್ಟು ₹1.50, ನಮ್ಮ ದಾರಿಗೆ ₹1,800. ಡೀಸೆಲ್ ಜತೆ ಸೇರಿ ₹10,800, ಏಳು ಪಾಲಿಗೆ ತಲಾ ₹1,543ರ ಹತ್ತಿರ. ಟೋಲ್ ಇದರ ಮೇಲೆ. ಪೂರ್ತಿ ದಾರಿ ಒಬ್ಬರೇ ಓಡಿಸಿದರೆ ಅವರ ಊಟದ ಪಾಲನ್ನು ಬಿಡುವುದು ನ್ಯಾಯ.

ಪಂಕ್ಚರ್ ಎಲ್ಲರದು, ಸವೆದ ಟಯರು ಗಾಡಿಯವರದು. ಪಾರ್ಕಿಂಗಿನಲ್ಲಿ ಬಂಪರ್ ಉಜ್ಜಿದರೆ ವಿಮೆಗೆ ಓಡುವ ಮುಂಚೆ ಲೆಕ್ಕ ಹಾಕಿ. 1,500 ಸಿಸಿ ಮೀರಿದ ಕಾರಿಗೆ ಕ್ಲೇಮಿನಲ್ಲಿ ಮೊದಲ ₹2,000 ಕೈಯಿಂದಲೇ ಹೋಗುತ್ತದೆ, ಮೇಲೆ ಕ್ಲೇಮ್ ಮಾಡದ ವರ್ಷಗಳಿಗೆ ವಿಮೆಯ ಕಂತಿನಲ್ಲಿ ಸಿಗುವ 20ರಿಂದ 50 ಶೇಕಡಾದವರೆಗಿನ ರಿಯಾಯಿತಿಗೂ (ನೋ ಕ್ಲೇಮ್ ಬೋನಸ್) ಹೊಡೆತ. ಸಣ್ಣ ಗೀರಿಗೆ ಏಳು ಜನ ಸೇರಿ ಟಿಂಕರಿಂಗ್ ಮಾಡಿಸುವುದೇ ಅಗ್ಗ.

ಒಬ್ಬರು ಮಧುರೆಯಲ್ಲೇ ಇಳಿದು ಬಸ್ಸು ಹತ್ತಿದರೆ? ಊಟದ ಪಾಲು ಅಲ್ಲಿಗೆ ನಿಲ್ಲುತ್ತದೆ, ಗಾಡಿಯ ಪಾಲು ಪೂರ್ತಿ, ಅವರು ಬಿಟ್ಟ ಸೀಟಿಗೆ ಬೇರೆಯವರು ಬರಲಿಲ್ಲವಲ್ಲ. ಮಕ್ಕಳಿಗೂ ಇದೇ: ಅರ್ಧ ಊಟ, ಇಡೀ ಸೀಟು.

ಅಡುಗೆಗೆ 5 ಕೆ.ಜಿ. ಸಿಲಿಂಡರ್ ಸಾಕು. ಒಂದು ಬರ್ನರ್ ಗಂಟೆಗೆ 150ರಿಂದ 200 ಗ್ರಾಂ ಸುಡುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಐದು ದಿನಕ್ಕೆ ಹೆಚ್ಚೆಂದರೆ 3 ಕೆ.ಜಿ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿ, ಗಾಡಿ ಓಡುವಾಗ ರೆಗ್ಯುಲೇಟರ್ ಬಿಚ್ಚಿಡಿ. ಏಳು ಜನರ ಒಂದು ಹೊತ್ತಿಗೆ 850 ಗ್ರಾಂ ಅಕ್ಕಿ. ಟೊಮೆಟೊ ಊರಿಂದಲೇ ಒಯ್ಯುವುದಾದರೆ ಅರೆಗಾಯಿ ಆರಿಸಿ, ಹಣ್ಣಾದದ್ದು ಸೇಲಂ ತಲುಪುವಷ್ಟರಲ್ಲಿ ಸಾರಾಗಿರುತ್ತದೆ. ಉಳಿದ ಬೇಳೆ, ಎಣ್ಣೆ, ಗ್ಯಾಸು ಐದು ದಿನ ಪಾತ್ರೆ ತಿಕ್ಕಿದವರ ಮನೆಗೆ.